ಎಲೆಗೆ ಅಡ್ಡ ಬಾರದ ಕೈ

ಬನ್ನಿ, ಕೂತ್ಕೊಳ್ಳಿ. ಗೋಡೆಗೆ ಒರಗೋರು ಒರಗಿ, ಕಾಲು ಚಾಚೋರು ಚಾಚಿ. ಬಾಯಲ್ಲಿ ಇರೋದನ್ನ ನುಂಗಿ ಮುಗಿಸಿ, ಇದು ಏನಾದರೂ ಮೆಲ್ಲುತ್ತಾ ಕೇಳೋ ಕಥೆಯಲ್ಲ. ಚಿಕ್ಕವರು ನನ್ನ ಹತ್ತಿರ ಬಂದುಬಿಡಿ, ನಡುವೆ ಹೆದರಿಕೆಯಾದರೆ ಸೆರಗು ಹಿಡ್ಕೊಳ್ಳೋಕೆ ಆಗುತ್ತೆ.

ನಿನ್ನೆ ಕೇಳಿದಿರಲ್ಲ, ದುರಾಸೆ ದುರಾಸೆ ಅಂತ ಬೈತೀಯಲ್ಲಜ್ಜಿ, ಅದು ನೋಡೋಕೆ ಹೇಗಿರುತ್ತೆ ಅಂತ. ಬೆಳಗಿಂದ ರಾಗಿ ಕೇರುತ್ತಾ ಅದನ್ನೇ ಯೋಚಿಸಿದೆ. ಮೊದಲು ಅವನಿಗೊಂದು ದೊಡ್ಡ ಹೊಟ್ಟೆ ಇಟ್ಟೆ. ಆಮೇಲೆ ಅನ್ನಿಸಿತು, ಎಷ್ಟೇ ದೊಡ್ಡದಾದರೂ ಹೊಟ್ಟೆ ಅನ್ನೋದು ಒಂದಲ್ಲ ಒಂದು ಹೊತ್ತಿಗೆ ತುಂಬಿಬಿಡುತ್ತೆ. ತೆಗೆದುಹಾಕಿದೆ. ಕೋರೆಹಲ್ಲು ಇಟ್ಟೆ. ಕೋರೆಹಲ್ಲು ಕಂಡರೆ ಯಾರು ತಾನೇ ಒಳಗೆ ಕರೀತಾರೆ? ಅದನ್ನೂ ಕಿತ್ತೆ. ಕಿತ್ತು ಕಿತ್ತು ಕೊನೆಗೆ ಉಳಿದದ್ದು ಒಬ್ಬ ಬಡಕಲು ಮನುಷ್ಯ. ಮೈತುಂಬ ಕಂಬಳಿ, ಮೆತ್ತನೆ ಮಾತು, ಕಂಡರೆ ಅಯ್ಯೋ ಪಾಪ ಅನ್ನಿಸೋ ಮುಖ. ಇವನೇ ದುರಾಸೆ. ಇವನು ಯಾವ ಊರಿಗೆ ಬರಬೇಕು? ಇವನನ್ನು ಎಬ್ಬಿಸಿ ಕಳಿಸೋಕೆ ಬಾರದಂಥ ಊರಿಗೆ. ಆ ಊರನ್ನ ಮೊದಲು ಹೇಳಿಬಿಡ್ತೀನಿ.

ಆ ಊರಿನಲ್ಲಿ ಯಾರ ಮನೆಯಲ್ಲೂ ಒಲೆ ಇರಲಿಲ್ಲ. ಊರ ನಡುವೆ ಒಂದು ಚಾವಡಿ, ಚಾವಡಿಯ ನಡುವೆ ಒಂದು ಒಲೆ, ಒಲೆಯ ಮೇಲೆ ಒಂದು ಮಣ್ಣಿನ ಗಡಿಗೆ. ಎಂಥ ಗಡಿಗೆ ಅಂತೀರಿ, ಆನೆಮರಿ ಮುಳುಗಿದರೆ ಸೊಂಡಿಲೂ ಕಾಣಬಾರದು. ಅದರಲ್ಲಿ ಹುಗ್ಗಿ ಬೇಯುತ್ತಲೇ ಇತ್ತು. ಅದರ ತಳ ಕಂಡವರು ಯಾರೂ ಇರಲಿಲ್ಲ. ಮಧ್ಯಾಹ್ನವಾದರೆ ಊರಿಗೆ ಊರೇ ಬಂದು ಸಾಲಾಗಿ ಕೂರುತ್ತಿತ್ತು. ಬಡಿಸುವವಳು ಒಬ್ಬಳೇ, ಸೌಟೂ ಒಂದೇ.

ಬಡಿಸುವುದಕ್ಕೊಂದು ಕಟ್ಟಳೆ ಇತ್ತು. ಉಣ್ಣುವವನು ತನ್ನ ಎಲೆಗೆ ತಾನೇ ಕೈ ಅಡ್ಡ ಹಿಡಿಯುವ ತನಕ ಸೌಟು ನಿಲ್ಲಬಾರದು. ಬಾಯಲ್ಲಿ ಸಾಕು ಅಂದರೆ ಅದು ಲೆಕ್ಕಕ್ಕಿಲ್ಲ, ಬಾಯಿ ನಾಚಿಕೆಗೂ ಸಾಕು ಅನ್ನುತ್ತೆ. ಕೈಯೇ ಬರಬೇಕು. ಒಬ್ಬರ ಎಲೆಗೆ ಇನ್ನೊಬ್ಬರು ಕೈ ಹಿಡಿಯುವ ಹಾಗಿಲ್ಲ, ಒಬ್ಬರ ಹಸಿವು ಇನ್ನೊಬ್ಬರಿಗೇನು ಗೊತ್ತು? ಒಂದು ಎಲೆ ಮುಗಿಯದೆ ಮುಂದಿನ ಎಲೆಗೆ ಹೋಗುವ ಹಾಗಿಲ್ಲ. ಕೈ ಅಡ್ಡ ಬರುವ ಮೊದಲೇ ಸೌಟು ನಿಂತಿತೋ, ಗಡಿಗೆ ಒಡೆಯುತ್ತೆ. ಹಿಂದಿನವರು ಹಾಗೆ ಹೇಳಿ ಸತ್ತಿದ್ದರು. ಇಂದಿನವರು ಹಾಗೇ ನಂಬಿ ಬದುಕಿದ್ದರು. ಅವರಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಕೈ ಬರುತ್ತಿತ್ತು, ಸೌಟು ಮುಂದಕ್ಕೆ ಹೋಗುತ್ತಿತ್ತು. ಹೊಟ್ಟೆ ತುಂಬುತ್ತಿತ್ತು, ಕೈ ಬರುತ್ತಿತ್ತು, ಸೌಟು ಮುಂದಕ್ಕೆ ಹೋಗುತ್ತಿತ್ತು.

ಬಡಿಸುವವಳಿಗೆ ಗಂಡ ಇರಲಿಲ್ಲ, ಒಬ್ಬಳು ಮಗಳಿದ್ದಳು. ಅವ್ವನ ಮುಂದೆ ಮುಂದೆ ನಡೆದು ಎಲೆ ಹಾಸುವುದು ಆ ಹುಡುಗಿಯ ಕೆಲಸ. ಚಿಕ್ಕ ಕೈ, ಚುರುಕು ಕೈ. ತಾಯಿಗೆ ಲೋಕದಲ್ಲಿ ಇದ್ದದ್ದು ಆ ಎರಡು ಕೈ ಅಷ್ಟೇ.

ಒಂದು ಮಧ್ಯಾಹ್ನ ಅವನು ಬಂದ. ಬಿಸಿಲಿನಲ್ಲಿ ನಡೆದು ಬಂದವನ ಹಾಗೆ ಬಂದು ಚಾವಡಿಯ ಮೆಟ್ಟಿಲ ಮೇಲೆ ನಿಂತ. ಊರ ಯಜಮಾನ ಎದ್ದು ಹೋಗಿ, ಬಾಪ್ಪ ಒಳಗೆ, ಹೊಸಬರಿಗೆ ಮೊದಲ ಎಲೆ ಅಂತ ಕರೆತಂದು ಕೂರಿಸಿದ. ಹುಡುಗಿ ಎಲೆ ಹಾಸಿದಳು, ತಾಯಿ ಬಡಿಸಿದಳು. ಅವನು ಕಂಬಳಿಯಿಂದ ಕೈ ಹೊರಗೆ ತೆಗೆಯಲಿಲ್ಲ. ಎಲೆಯ ಮೇಲೆ ಬಾಗಿ ಬಾಯಿಂದಲೇ ಉಂಡ. ಇನ್ನೊಂದು ಸೌಟು ಹಾಕಿದಳು, ಉಂಡ. ಇನ್ನೊಂದು, ಅದನ್ನೂ ಉಂಡ. ಸಾಲಿನಲ್ಲಿ ಕೂತವರು ಮೊದಲು ನಕ್ಕರು, ದೂರದಿಂದ ಬಂದಿದ್ದಾನೆ ಅಂದರು. ಆಮೇಲೆ ಆಕಳಿಸಿದರು. ಬಿಸಿಲು ವಾಲಿತು. ಹಾಸಿದ ಎಲೆಗಳು ಒಣಗಿ ಮುದುಡಿದವು. ಮಕ್ಕಳು ಅಳತೊಡಗಿದವು. ಕೈ ಹಿಡಿಯಪ್ಪ ಅಂತ ಯಜಮಾನ ಹೇಳಿದ.

ಅವನು ತಲೆಯೆತ್ತಿದ. ಕಣ್ಣಲ್ಲಿ ನೀರು ತಂದುಕೊಂಡ. "ಹಿಡಿಯೋದು ಯಾವುದನ್ನ ಸ್ವಾಮಿ?" ಅಂತ ಕಂಬಳಿ ಸರಿಸಿದ. ಕೈಯೇ ಇರಲಿಲ್ಲ. ಹೆಗಲಿನಿಂದ ಕೆಳಗೆ ನುಣ್ಣಗೆ, ಕುಂಬಳಕಾಯಿಯ ಹಾಗೆ ನುಣ್ಣಗೆ. "ನಾನೇನು ಬೇಕು ಅಂತ ಉಣ್ಣುತ್ತಾ ಇದೀನಾ? ಯಾರಾದರೂ ಪುಣ್ಯಾತ್ಮರು ಒಂದು ಕೈ ಕೊಟ್ಟರೆ ಈಗಲೇ ಅಡ್ಡ ಹಿಡಿದು ಎದ್ದೆ."

ಊರು ಮಮ್ಮಲ ಮರುಗಿತು. ನೀವು ನಗಬೇಡಿ, ಒಳ್ಳೆಯವರ ಊರದು. ಒಳ್ಳೆಯವರು ಮಾಡೋ ತಪ್ಪು ಇಂಥದ್ದೇ. ಒಬ್ಬ ಮುದುಕ ಎದ್ದು ನಿಂತ. ನನ್ನ ಎಡಗೈ ಹುಟ್ಟಿದಾಗಿನಿಂದ ಬೆನ್ನು ಕೆರೆಯೋದು ಬಿಟ್ಟು ಬೇರೆ ಕೆಲಸ ಮಾಡಿಲ್ಲ, ತಗೊಳ್ಳಲಿ, ಇನ್ನುಮೇಲೆ ಸೊಸೆ ಕೆರೀತಾಳೆ ಅಂದ. ಹಾಗೆಲ್ಲ ನನ್ನ ನೆಚ್ಚಿಕೊಂಡು ಕೈ ಕಡಿಸ್ಕೋಬೇಡಿ ಮಾವ ಅಂತ ಸೊಸೆ ಹಿಂದಿನಿಂದ ಹೇಳಿದಳು. ಊರು ನಕ್ಕಿತು. ಆ ಊರು ನಕ್ಕದ್ದು ಅದೇ ಕೊನೆ.

ಒಲೆಗೆ ಸೌದೆ ಒಡೆಯುವವನು ಒಬ್ಬನಿದ್ದ. ಕೊಡಲಿ ಇದ್ದದ್ದು ಅವನ ಹತ್ತಿರ. ಸೌದೆಯ ಕೊರಡಿನ ಮೇಲೆ ಮುದುಕ ಹೆಗಲ ತನಕ ತೋಳು ಚಾಚಿಟ್ಟ. ಸೌದೆಯವನು ಕಣ್ಣು ಮುಚ್ಚಿ ಕೊಡಲಿ ಎತ್ತಿ ಇಳಿಸಿದ. ರಕ್ತ ಹಾರಿ ಒಣಗಿದ ಎಲೆಗಳ ಮೇಲೆ ಬಿತ್ತು. ಗಾಯಕ್ಕೆ ಒಲೆಯ ಬೂದಿ, ಅರಿಸಿನ ಮೆತ್ತಿ ಕಟ್ಟಿದರು. ಕಡಿದ ಕೈಯನ್ನು ಬಂದವನ ಹೆಗಲಿಗೆ ಇಟ್ಟರೆ, ಮರಕ್ಕೆ ಬದನಿಕೆ ಹತ್ತಿಕೊಂಡ ಹಾಗೆ ಹತ್ತಿಕೊಂಡಿತು. ಎಲ್ಲರೂ ಉಸಿರು ಹಿಡಿದು ನೋಡಿದರು. ಕೈ ಮುಂದಕ್ಕೆ ಬಂತು, ಎಲೆಯ ಮೇಲೆ ಬಂತು, ಹುಗ್ಗಿಗೆ ಇಳಿಯಿತು, ತುತ್ತು ಕಟ್ಟಿತು, ಬಾಯಿಗೆ ಹೋಯಿತು.

ಅಯ್ಯೋ ತಾತ, ಎಡಗೈ ಕೊಟ್ಟುಬಿಟ್ಟೆಯಲ್ಲ, ಅನ್ನದ ಮೇಲೆ ಎಡಗೈ ಹಿಡಿಯೋದುಂಟಾ, ಅದು ಅನ್ನಕ್ಕೆ ಮಾಡೋ ಅವಮಾನ ಅಂತ ಅವನು ಮೆತ್ತಗೆ ಹೇಳಿದ. ಹಿಡಿಯೋಕೆ ಬಾರದ ಎಡಗೈ ತಿನ್ನೋಕೆ ಹೇಗೆ ಬಂತು ಅಂತ ಹುಡುಗಿ ಕೇಳಿದಳು. ದೊಡ್ಡವರು ಮಾತಾಡೋವಾಗ ಬಾಯಿ ಹಾಕಬಾರದು ಅಂತ ಯಾರೋ ಗದರಿದರು. ತಾಯಿ ಬಡಿಸುತ್ತಲೇ ಕಣ್ಣಲ್ಲೇ ಮಗಳನ್ನು ಹತ್ತಿರ ಕರೆದಳು. ಕರೆದು, ಅವಳ ಎರಡು ಕೈಯನ್ನೂ ತನ್ನ ಸೀರೆಯ ನೆರಿಗೆಯೊಳಗೆ ಮುಚ್ಚಿಟ್ಟುಕೊಳ್ಳಲು ಹೇಳಿದಳು. ಅವಳಿಗೆ ಆಗಲೇ ಗೊತ್ತಾಗಿತ್ತು.

ಬಲಗೈ ಬೇಕು ಅಂದರೆ ಬಲಗೈ. ನೇಕಾರ ತನ್ನದನ್ನು ಕೊಟ್ಟ. ಕೊಡಲಿ ಎದ್ದಿತು, ಕೊಡಲಿ ಇಳಿಯಿತು. ಬಲಗೈ ಎಲೆಗೆ ಬಂತು, ಹುಗ್ಗಿಗೆ ಇಳಿಯಿತು, ತುತ್ತು ಕಟ್ಟಿತು, ಬಾಯಿಗೆ ಹೋಯಿತು. ಈಗ ಇದು ಎಂಜಲಾಯಿತಲ್ಲ, ಎಂಜಲು ಕೈಯನ್ನ ಎಲೆ ಮೇಲೆ ಹೇಗೆ ಹಿಡೀಲಿ ಅಂದ. ಅದೂ ಸರಿ ಅಂತ ಊರು ತಲೆದೂಗಿತು. ಮದ್ದಳೆಯವನು ಕೊಟ್ಟ. ಕೊಡಲಿ ಎದ್ದಿತು, ಕೊಡಲಿ ಇಳಿಯಿತು. ಇದು ನಿಮ್ಮ ಊರಿನದೇ ಕೈ, ಹಸಿದ ಮೈಯಿಂದ ಹಸಿದೇ ಬಂದಿದೆ, ಪಾಪ, ಅದೂ ಒಂದಿಷ್ಟು ಉಣ್ಣಲಿ ಅಂದ. ಅದೂ ಸರಿ ಅಂದರು. ಅವನ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ, ಅದೇ ಕಷ್ಟ. ಪ್ರತಿ ಸಲವೂ ಇನ್ನೊಂದೇ ಒಂದು ಕೈ ಕಡಿಮೆಯಾಗಿತ್ತು.

ಬಡಿಸುವವಳು ಹಗಲೂ ರಾತ್ರಿ, ದಿನದ ಮೇಲೆ ದಿನ ಬಡಿಸಿದಳು. ನಿಂತೇ ತೂಕಡಿಸಿದಳು, ತೂಕಡಿಸುತ್ತಲೇ ಬಡಿಸಿದಳು. ಒಮ್ಮೆ ತೋಳು ಸೋತು ಸೌಟು ನಿಧಾನವಾಯಿತು. ಗಡಿಗೆ ಚಟ್ ಅಂದಿತು. ಊರೆಲ್ಲ ಕಿಟಾರನೆ ಕಿರುಚಿಕೊಂಡಿತು. ಅವಳು ಮತ್ತೆ ಬಡಿಸಿದಳು.

ಇವನನ್ನೇ ಕಡಿದುಹಾಕಿದರೆ ಏನು ಅಂತ ಸೌದೆಯವನು ಒಂದು ಸಲ ಕೇಳಿದ. ಯಜಮಾನ ಬೇಡವೆಂದ. ಎಲೆ ಮುಂದೆ ಕೂತವನ ಮೈ ಮುಟ್ಟಬಾರದು, ಮೇಲಾಗಿ ಸತ್ತವನ ಕೈ ಎಲೆಗೆ ಅಡ್ಡ ಬರುತ್ತದೆಯೇ, ಆಮೇಲೆ ಹೆಣಕ್ಕೆ ಬಡಿಸುತ್ತಾ ಕೂರಬೇಕು ಅಂದ. ಅದೂ ಸರಿ ಅಂದರು.

ಹಸಿವು ಕೂತವರನ್ನು ಕೂತಲ್ಲಿ ಬಿಡಲಿಲ್ಲ. ಅವನ ಎಲೆಯಿಂದ ಆಚೆ ಒಂದು ಅಗುಳು ಸಿಡಿದರೆ ಅದಕ್ಕೆ ಮೂರು ಜನ ಬೀಳುತ್ತಿದ್ದರು. ಒಬ್ಬನ ಬಾಯಿಂದ ಇನ್ನೊಬ್ಬ ಬೆರಳು ಹಾಕಿ ತೆಗೆಯುತ್ತಿದ್ದ. ಹಾಗೆ ಹಾಕಿದ ಬೆರಳನ್ನು ಆ ಮೊದಲಿನವನು ಕಚ್ಚಿ ತುಂಡು ಮಾಡುತ್ತಿದ್ದ. ಇಷ್ಟಪಟ್ಟು ಕೈ ಕೊಡುವವರು ಮುಗಿದುಹೋಗಿದ್ದರು. ಈಗ ಯಜಮಾನ ಬೆರಳು ತೋರಿಸುತ್ತಿದ್ದ, ಬೆರಳು ತೋರಿದವರನ್ನು ಎಳೆತರುತ್ತಿದ್ದರು. ಯಜಮಾನನ ಕೈಯನ್ನು ಯಾರೂ ಕೇಳಲಿಲ್ಲವೇ? ಕೇಳಿದರು. ತೋರಿಸೋಕೆ ಒಂದು ಬೆರಳಾದರೂ ಊರಲ್ಲಿ ಉಳೀಬೇಕಲ್ಲಪ್ಪ ಅಂದ.

ಎಳೆತರುವವರು ಯಾರು ಗೊತ್ತಾ? ಕೈ ಕಳೆದುಕೊಂಡವರೇ. ಕುಂಬಾರ ಓಡಿಹೋಗಿ ತನ್ನ ಮನೆಯ ತಿಗರಿಯ ಹಿಂದೆ ಅಡಗಿ ಕೂತಿದ್ದ. ನೇಕಾರ ಉಳಿದ ಒಂದೇ ಕೈಯಲ್ಲಿ ಅವನ ಜುಟ್ಟು ಹಿಡಿದು ಬೀದಿಯುದ್ದಕ್ಕೂ ಎಳೆದು ತಂದ. ಇಬ್ಬರೂ ಒಟ್ಟಿಗೆ ಈಜು ಕಲಿತವರು. ಕುಂಬಾರ ಹಳೆಯದನ್ನೆಲ್ಲ ನೆನಪು ಮಾಡಿ ಅಂಗಲಾಚಿದ. ನೇಕಾರ ಒಂದೇ ಮಾತು ಹೇಳಿದ: "ನನ್ನ ಮಗ್ಗ ನಿಂತಿತು. ನಿನ್ನ ತಿಗರಿ ಯಾಕೆ ತಿರುಗಬೇಕು?"

ಸೂಲಗಿತ್ತಿಯ ಎರಡು ಕೈಯೂ ಹೋದವು. ಅದೇ ದಿನ ಬೀದಿಯ ಕೊನೆಯ ಮನೆಯಲ್ಲಿ ಒಬ್ಬಳು ಬಸುರಿ ನೋವು ತಿಂದು ತಿಂದು, ಹಿಡಿದುಕೊಳ್ಳುವ ಕೈಯಿಲ್ಲದೆ, ಮಗುವಿನ ಜೊತೆ ತಾನೂ ಹೋದಳು. ಕೊಡಲಿ ಎದ್ದಿತು, ಕೊಡಲಿ ಇಳಿಯಿತು. ಸೌದೆಯವನು ಈಗ ಕಣ್ಣು ಮುಚ್ಚುತ್ತಿರಲಿಲ್ಲ. ಚಾವಡಿಯ ನೆಲದಲ್ಲಿ ರಕ್ತ ಹೆಪ್ಪುಗಟ್ಟಿ ಕಾಲಿಗೆ ಅಂಟುತ್ತಿತ್ತು. ಬಂದವನು ಹಲಸಿನ ಮರದ ಹಾಗೆ ಕಾಂಡದ ತುಂಬ, ಕಂಡಕಂಡಲ್ಲಿ ಕೈ ಬಿಟ್ಟಿದ್ದ. ಎಲ್ಲ ಕೈಯೂ ಎಲೆಗೆ ಬರುತ್ತಿದ್ದವು, ಹುಗ್ಗಿಗೆ ಇಳಿಯುತ್ತಿದ್ದವು, ತುತ್ತು ಕಟ್ಟುತ್ತಿದ್ದವು. ಒಂದು ಬಾಯಿಗೆ ಅಷ್ಟು ಕೈ. ಬಾಯಿ ಅಷ್ಟಕ್ಕೂ ತೆರೆಯುತ್ತಿತ್ತು.

ಕೊನೆಗೆ ದೊಡ್ಡವರಲ್ಲಿ ಕೈ ಉಳಿದವರು ಬಡಿಸುವವಳು, ಸೌದೆಯವನು, ಯಜಮಾನ, ಮೂವರೇ. ಬಡಿಸುವವಳ ಮನೆಯಿಂದ ಒಂದು ಉಗುರೂ ಬಂದಿಲ್ಲ ಅಂತ ಮುದುಕನ ಸೊಸೆ ಎತ್ತಿ ಆಡಿದಳು. ಅವಳ ಎರಡೂ ಹೋಗಿದ್ದವು. ಮಗಳನ್ನ ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡು ನಮ್ಮ ಮಕ್ಕಳ ಹೊಟ್ಟೆ ಒಣಗಿಸುತ್ತಾ ಇದಾಳೆ ಅಂದಳು. ತಾಯಿ ಬಡಿಸುತ್ತಲೇ, ನನ್ನ ಕೈ ತಗೊಳ್ಳಿ ಅಂದಳು. ನಿನ್ನದು ಬಡಿಸೋ ಕೈ, ಅದನ್ನ ಹೇಗೆ ಮುಟ್ಟೋದು ಅಂದರು.

ಆಗ ದುರಾಸೆ ಬಾಯಿ ಒರೆಸಿಕೊಂಡ. ಒರೆಸಿಕೊಳ್ಳಲು ಈಗ ಕೈಗೇನು ಬರ? ತಪ್ಪು ತಿಳೀಬೇಡಿ, ಇಲ್ಲಿಯ ತನಕ ಬಂದದ್ದೆಲ್ಲ ಹಿಡಿದು ಹಿಡಿದು ಪಳಗಿದ ಕೈಗಳು, ಅವಕ್ಕೆ ತಗೊಳ್ಳೋದು ಬಿಟ್ಟು ಬೇರೆ ಗೊತ್ತಿಲ್ಲ, ಇನ್ನೂ ಏನನ್ನೂ ಬಿಗಿಯಾಗಿ ಹಿಡಿಯದ ಒಂದು ಎಳೆಯ ಕೈ ಕೊಟ್ಟರೆ ಅದು ತಾನಾಗಿ ಅಡ್ಡ ಬರುತ್ತೆ, ಆಣೆ ಮಾಡ್ತೀನಿ ಅಂದ. ಹೇಳುತ್ತಾ ಹುಡುಗಿಯನ್ನೇ ನೋಡಿದ.

"ಅಣ್ಣಾ," ಅಂತ ತಾಯಿ ಯಜಮಾನನನ್ನು ಕರೆದಳು. "ಕೈ ಕೊಟ್ಟಷ್ಟೂ ಅವನ ತುತ್ತು ಹೆಚ್ಚುತ್ತಾ ಇದೆ. ಕಣ್ಣಾರೆ ನೋಡ್ತಾ ಇದೀಯಲ್ಲ."

"ನೋಡ್ತಾ ಇದೀನಿ ತಂಗಿ," ಅಂದ ಯಜಮಾನ. "ಆದರೆ ಇಷ್ಟು ಕೊಟ್ಟ ಮೇಲೆ ಈಗ ಬಿಟ್ಟರೆ, ಕೊಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗೋದಿಲ್ಲವಾ?"

ಅಷ್ಟು ಹೇಳಿ ಅವನೇ ಬಂದು, ನೆರಿಗೆಯೊಳಗಿಂದ ಹುಡುಗಿಯ ಕೈಯನ್ನು ಹೊರಕ್ಕೆ ಎಳೆದ. ಕೈಯಿಲ್ಲದವರು ಸುತ್ತ ಮೈಗೆ ಮೈ ಒತ್ತಿ ನಿಂತು ದಾರಿ ಮುಚ್ಚಿದರು. ತಾಯಿ ಬಡಿಸುತ್ತಲೇ ಇದ್ದಳು. ಮಗಳನ್ನು ಬಿಡಿಸಬೇಕೆಂದರೆ ಸೌಟು ಬಿಡಬೇಕು. ಸೌಟು ಬಿಟ್ಟರೆ ಗಡಿಗೆ ಒಡೆಯಬೇಕು. ಗಡಿಗೆ ಒಡೆದರೆ ಒಲೆಯಿಲ್ಲದ ಊರು ಸಾಯಬೇಕು. ಅವಳ ತೋಳು ಏಳುತ್ತಿತ್ತು, ಇಳಿಯುತ್ತಿತ್ತು. ಯಜಮಾನ ಹುಡುಗಿಯ ಮಣಿಕಟ್ಟನ್ನು ಕೊರಡಿನ ಮೇಲೆ ಒತ್ತಿ ಹಿಡಿದ. ಒದ್ದೆಯಾಗಿದ್ದ ಕೊರಡಿನ ಮೇಲೆ ಆ ಪುಟ್ಟ ಕೈ ಜಾರುತ್ತಿತ್ತು. ಸೌದೆಯವನು ಕೊಡಲಿ ಎತ್ತಿದ. ಹುಡುಗಿ ತಲೆ ತಿರುಗಿಸಿ ಹೇಳಿದಳು:

"ಅವ್ವಾ, ನೀನು ಈ ಕಡೆ ನೋಡಬೇಡ."

ತಾಯಿ ನೋಡಿದಳು. ನೋಡಿ, ಸೌಟನ್ನು ನೆಲಕ್ಕೆ ಬೋರಲು ಹಾಕಿದಳು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗಡಿಗೆ ಒಡೆಯಿತು. ಹಿಂದಿನವರು ಸುಳ್ಳು ಹೇಳಿರಲಿಲ್ಲ ಮಕ್ಕಳೇ. ಬಾಯಿಂದ ಬುಡದ ತನಕ ಸೀಳಿತು. ಕುದಿಯುವ ಹುಗ್ಗಿ ಒಲೆಯ ಹತ್ತಿರ ಎದೆಯೆತ್ತರ ನುಗ್ಗಿ, ತಗ್ಗುತ್ತಾ ತಗ್ಗುತ್ತಾ ಬಂದು, ಎಲೆಗೂ ಕೊರಡಿಗೂ ಮುಟ್ಟುವ ಮೊದಲೇ ಇಂಗಿತು. ಹತ್ತಿರ ನಿಂತವರು ನಿಂತಲ್ಲೇ ಬೆಂದರು. ಮುಖ ಮುಚ್ಚಿಕೊಳ್ಳೋಣವೆಂದರೆ ಅವರಿಗೆ ಕೈಯಿರಲಿಲ್ಲ. ತಾಯಿಯ ಕಾಲಿನ ಚರ್ಮ ಮೊಣಕಾಲಿನ ತನಕ ಸುಲಿದುಹೋಯಿತು. ಆದರೂ ನಡೆದಳು, ಕೊರಡಿನ ಕಡೆಗೇ ನಡೆದಳು.

ಅತ್ತ ಆ ಕೈಗಳು ಎಲೆ ತಡಕಿದವು. ಎಲೆ ಬರಿದಾಗಿತ್ತು. ಸೌಟು ಬರಲಿಲ್ಲ. ತಗೊಳ್ಳದೆ ಇರೋದು ಆ ಕೈಗಳಿಗೆ ಗೊತ್ತಿಲ್ಲ, ಹಾಗಾಗಿ ಹತ್ತಿರ ಸಿಕ್ಕಿದ್ದನ್ನು ಹಿಡಿದವು. ಎಳೆಯ ಕೈಗಾಗಿ ಚಾಚಿದ್ದ ಒಂದಿಷ್ಟಕ್ಕೆ ಸಿಕ್ಕಿದ್ದು ಯಜಮಾನನ ತೋಳು. ಒಂದು ಹಿಡಿಯಿತು, ಹತ್ತು ಹಿಡಿದವು, ಎಳೆದವು. ಅವನ ಹಿಡಿತದಿಂದ ಹುಡುಗಿಯ ಮಣಿಕಟ್ಟು ತಪ್ಪಿಸಿಕೊಂಡಿತು, ಎತ್ತಿದ ಕೊಡಲಿ ಅವಳ ಮೇಲೆ ಇಳಿಯಲೇ ಇಲ್ಲ. ಯಜಮಾನ ಆ ಊರಿನವರದೇ ಕೈಗಳಲ್ಲಿ, ದಿನಾ ತನಗೆ ಮುಗಿಯುತ್ತಿದ್ದ ಕೈಗಳಲ್ಲಿ, ಹರಿದುಹೋದ. ತುತ್ತಾಗಿ ಬಾಯಿಗೆ ಹೋದ.

ಅದು ಮುಗಿಯಿತು. ಇನ್ನು ಹತ್ತಿರ ಯಾರೂ ಇರಲಿಲ್ಲ. ಕೈಗಳು ಕಂಬಳಿ ಹಿಡಿದವು, ಬಾಯಿಗಿಟ್ಟವು. ಕಿವಿ ಹಿಡಿದವು, ಕಿತ್ತವು, ಬಾಯಿಗಿಟ್ಟವು. ಬಾಯಿ ಬೇಡ ಅನ್ನಲಿಲ್ಲ. ಕಾಲು ತಂದವು, ಬಾಯಿ ತಿಂದಿತು. ಹೊಟ್ಟೆ ಬಗೆದು ತಂದವು, ತಿಂದಿತು. ತಿಂದದ್ದು ಹೋಗೋಕೆ ಹೊಟ್ಟೆಯಿಲ್ಲ, ಆದರೂ ತಿಂದಿತು. ಎದೆ ತಿಂದಿತು, ಹೆಗಲು ತಿಂದಿತು. ಹೆಗಲು ಹೋದ ಮೇಲೆ ಕೈಗಳು ಬೇರಿಲ್ಲದ ಬಳ್ಳಿಯ ಹಾಗೆ ಒಂದೊಂದಾಗಿ ನೆಲಕ್ಕೆ ಉದುರಿದವು. ಬಾಯಿ ಒಂದೇ ಉಳಿಯಿತು. ನೆಲದ ಮೇಲೆ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿತ್ತು. ಸೌದೆಯವನು ಹೋಗಿ ಅದರ ಮೇಲೆ ಕೊಡಲಿ ಬೀಸಿದ. ಬಾಯಿ ಕೊಡಲಿಯನ್ನೂ ಕಾವಿನ ಸಮೇತ ನುಂಗಿ ಅಲ್ಲಿಂದ ಉರುಳಿಕೊಂಡು ಹೋಯಿತು.

ಆಮೇಲೆ ಊರಿನವರು ತಮ್ಮ ತಮ್ಮ ಕೈ ಹುಡುಕಿಕೊಂಡು ಬಂದರು. ಅಗೋ ನನ್ನದು, ಉಂಗುರ ಇದೆ ಅಂತ ಒಬ್ಬಳು. ಮಸಿ ಹತ್ತಿರೋದು ನನ್ನದು ಅಂತ ಇನ್ನೊಬ್ಬ. ಗುರುತು ಹಿಡಿದರು, ಎತ್ತಿಕೊಳ್ಳೋದಕ್ಕೆ ಆಗಲಿಲ್ಲ. ಎತ್ತಿಕೊಳ್ಳೋದು ಯಾವುದರಿಂದ? ನಿಂತು ನೋಡಿದರು. ಕೊನೆಗೆ ಮಕ್ಕಳೇ ಎಲ್ಲವನ್ನೂ ಆಯ್ದು, ಚಾವಡಿಯ ಹಿಂದೆ ಒಂದೇ ಗುಂಡಿಯಲ್ಲಿ ಮುಚ್ಚಿದರು. ಹಿಂತಿರುಗಿ ಬರುವಾಗ ಊರಿನವರು ಬಡಿಸುವವಳನ್ನು ಕಂಡರು. ಗಡಿಗೆ ಒಡೆದವಳು ಅಂದರು. ಕಲ್ಲು ಎತ್ತಲು ಬಾರದವರು ಕಾಲಿನಲ್ಲೇ ಒದ್ದರು, ಬಿದ್ದವಳನ್ನು ತುಳಿದರು. ಮಗಳು ಮೇಲೆ ಬಿದ್ದು ಮುಚ್ಚಿಕೊಂಡದ್ದಕ್ಕೆ ಜೀವ ಉಳಿಯಿತು.

ಈಗ ಯಾರು ಯಾರು ಏನಾದರು ಅಂತ ಹೇಳಿಬಿಡ್ತೀನಿ, ಕೇಳಿ ಎದ್ದು ಹೋಗಿ ಮಲಗಿ.

ಮೊದಲು ಕೈ ಕೊಟ್ಟ ಮುದುಕ ಆ ಚಳಿಗಾಲದಲ್ಲಿ ಹಸಿವಿನಿಂದ ಸತ್ತ. ಸಾಯುವ ತನಕವೂ, ನಾನು ಒಳ್ಳೇದಕ್ಕೇ ಕೊಟ್ಟೆ ಅನ್ನುತ್ತಿದ್ದ. ಅದು ನಿಜವೂ ಹೌದು. ಅವನ ಜೊತೆ ಊರಿನ ಅರ್ಧ ಜನ ಸತ್ತರು, ಎದೆಹಾಲು ಬತ್ತಿದ ತಾಯಂದಿರ ಕೂಸುಗಳು ಮೊದಲು. ಅವನ ಸೊಸೆ ಬದುಕಿದಳು. ಒಲೆ ಹೂಡುವುದು ಹೇಗೆ ಅಂತ ತವರೂರಿನಲ್ಲಿ ಕಂಡದ್ದನ್ನು ನೆನಪು ಮಾಡಿಕೊಂಡು ಮಕ್ಕಳಿಗೆ ಬಾಯಲ್ಲೇ ಹೇಳಿಕೊಟ್ಟವಳು ಅವಳು. ಅದರಿಂದ ಮನೆಗೊಂದು ಒಲೆಯಾಯಿತು, ಮಕ್ಕಳು ಬೇಯಿಸಿ ದೊಡ್ಡವರ ಬಾಯಿಗೆ ಇಟ್ಟರು.

ನೇಕಾರನೂ ಕುಂಬಾರನೂ ಎದುರುಬದುರು ಜಗಲಿಯಲ್ಲಿ ಕೂತು ಮುದುಕರಾದರು, ಮಾತಾಡಲಿಲ್ಲ. ಸೂಲಗಿತ್ತಿ ಒಂದು ದಿನ ಹೊಳೆಗೆ ಇಳಿದವಳು ಮೇಲೆ ಬರಲಿಲ್ಲ. ಯಜಮಾನನದು ಹೇಳಿದೆನಲ್ಲ. ಸೌದೆಯವನು ತನ್ನ ಕೈಯನ್ನೂ ಕಡಿಯಿರಿ ಅಂತ ಮನೆಮನೆಗೆ ಹೋಗಿ ಬೇಡಿದ. ಕಡಿಯೋಕೆ ಯಾರಿಗೆ ಕೈಯಿತ್ತು? ಹಾಗಾಗಿ, ತಾನೇ ಕಡಿದವರ ಪಂಚೆ ಕಟ್ಟುತ್ತಾ, ಮೂಗು ಒರೆಸುತ್ತಾ, ಸತ್ತವರನ್ನು ಹೊರುತ್ತಾ ಕಾಲ ಕಳೆದ. ಅವನನ್ನು ಬೈಯುವವರೂ ಪಂಚೆ ಜಾರಿದರೆ ಅವನನ್ನೇ ಕೂಗಬೇಕಾಗಿತ್ತು.

ಉರುಳಿಹೋದ ಬಾಯಿ ಏನಾಯಿತು ಅಂತ ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಹೇಳೋದಿಲ್ಲ.

ಹುಡುಗಿ ದೊಡ್ಡವಳಾದಳು. ಮದುವೆಯಾಯಿತು, ಮಕ್ಕಳಾದವು.

ಬಡಿಸುವವಳು ಕಾಲೆಳೆಯುತ್ತಾ ಬಹಳ ಕಾಲ ಬದುಕಿದಳು. ಅವಳನ್ನು ಆ ಊರು ಕ್ಷಮಿಸಲಿಲ್ಲ, ಅವಳು ಕೇಳಲೂ ಇಲ್ಲ. ನಿನ್ನ ಒಂದು ಮಗುವಿನ ಕೈಗೋಸ್ಕರ ನಮ್ಮ ಇಷ್ಟು ಮಕ್ಕಳನ್ನ ಕೊಂದೆಯಲ್ಲ ಅಂತ ಯಾರಾದರೂ ಮುಖಕ್ಕೆ ಹೇಳಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು, ಇಲ್ಲ ಅನ್ನುತ್ತಿರಲಿಲ್ಲ. ಕೇಳಿಸಿಕೊಂಡು ಮುಗಿದ ಮೇಲೆ ಮನೆಗೆ ಬಂದು ಬಾಗಿಲ ಹತ್ತಿರ ಕೂರುತ್ತಿದ್ದಳು. ಒಳಗೆ ಮಗಳು ಕನ್ನಡಿ ಮುಂದೆ ನಿಂತು ಎರಡು ಕೈಯಲ್ಲೂ ಜಡೆ ಹೆಣೆದುಕೊಳ್ಳುತ್ತಿದ್ದರೆ, ಹೆಣೆದು ಮುಗಿಯುವ ತನಕ ನೋಡುತ್ತಿದ್ದಳು.